ಹೊನ್ನಿಯ ಹೆಸರು ಕೂಗಿದ ಶ್ರೀಗೌರಿ

ಕುಮಟಾ–ಭಟ್ಕಳ ಬಸ್ಸಿನ ಕಂಡಕ್ಟರ್ ಶ್ರೀಗೌರಿಯ ಎಡಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಸೊಟ್ಟಗಿದೆ. ಚೀಟಿ ಹರಿದು ಕೊಡುವಾಗ ಅದು ಕಣ್ಣಿಗೆ ಬೀಳುತ್ತದೆ. "ಬಸ್ಸಿನ ಬಾಗಿಲಿಗೆ ಸಿಕ್ಕಿದ್ದಾ?" ಎಂದು ಯಾರಾದರೂ ಕೇಳುತ್ತಾರೆ. ಮೊದಮೊದಲು ಅವಳು ನಿಜ ಹೇಳುತ್ತಿದ್ದಳು. ಬೇಸ್‌ಬಾಲ್ ಆಡುವಾಗ ಮುರಿದದ್ದು ಎಂದರೆ ಕೇಳಿದವರು ನಗುತ್ತಿದ್ದರು. ಹಾಗಾಗಿ ಈಗ "ಹೌದು, ಬಾಗಿಲೇ" ಎಂದು ಮುಂದಿನ ಸೀಟಿಗೆ ಹೋಗಿಬಿಡುತ್ತಾಳೆ.

ಅವಳು ಹುಟ್ಟಿದ್ದು ಹೊನ್ನಾವರದ ಮಗ್ಗುಲಲ್ಲಿ, ಶರಾವತಿ ಕಡಲಿಗೆ ಸೇರುವಲ್ಲಿರುವ ಮಾವಿನಕುರ್ವೆಯಲ್ಲಿ. ಅಪ್ಪ ಹೊಳೆಯಲ್ಲಿ ಬಲೆ ಬೀಸುವವ. ಅವ್ವಿ ಹೊನ್ನಾವರದ ಪೇಟೆಯಲ್ಲಿ ಮೀನು ಮಾರುವವಳು. ಶಾಲೆಗೆ ರಜೆ ಇದ್ದ ದಿನ ಅವ್ವಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಂಗಡೆ, ತಾರ್ಲೆ ಎಣಿಸಿ ಹಾಕುವುದು ಆರನೇ ವರ್ಷಕ್ಕೇ ರೂಢಿಯಾಗಿತ್ತು. ಈ ಕುಕ್ಕರಗಾಲೇ ಮುಂದೆ ಅವಳನ್ನು ಎರಡು ಸಾವಿರ ಕಿಲೋಮೀಟರು ದೂರಕ್ಕೆ ಕರೆದುಕೊಂಡು ಹೋಗುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಅವಳು ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದು ಎರಡು ಸಾವಿರದ ಹತ್ತರಲ್ಲಿ. ಆ ವರ್ಷವೇ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಮಹಿಳೆಯರ ಬೇಸ್‌ಬಾಲ್ ತಂಡ ಕಳಿಸಬೇಕು, ತಂಡ ಕಟ್ಟುವವರು ಮುಂದೆ ಬನ್ನಿ ಎಂದು. ಬೇರೆ ಊರಿನ ಕಾಲೇಜುಗಳು ಕಾಗದವನ್ನು ಫೈಲಿಗೆ ಸೇರಿಸಿ ಸುಮ್ಮನಾದವು. ಹೊನ್ನಾವರದ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ ಗುರುದತ್ತ ಸರ್ ಮಾತ್ರ "ನಾವು ಕಟ್ತೇವೆ" ಎಂದು ಬರೆದು ಕಳಿಸಿದರು. ಅವರಾದರೂ ಆ ಆಟವನ್ನು ಕಂಡದ್ದು ಟೀವಿಯಲ್ಲಿ ಮಾತ್ರ. ಕುಮಟಾ, ಹೊನ್ನಾವರ, ಭಟ್ಕಳ, ಹೀಗೆ ಮೂರು ತಾಲೂಕಿನ ಕಾಲೇಜುಗಳಿಂದ ಹನ್ನೊಂದು ಹುಡುಗಿಯರನ್ನು ಒಟ್ಟು ಮಾಡಿದರು. ಹೊನ್ನಾವರ ನಡುವೆ ಇರುವ ಕಾರಣ ಶನಿವಾರ ಮಧ್ಯಾಹ್ನ ಅಲ್ಲಿಯೇ ಅಭ್ಯಾಸ. ಸಾಮಾನು ಅಂದರೆ ಒಂದು ಅಲ್ಯೂಮಿನಿಯಂ ಬ್ಯಾಟು, ಆರು ಗ್ಲೋವ್ಸ್, ಹನ್ನೆರಡು ಚೆಂಡು, ಒಂದು ಮುಖದ ಜಾಲರಿ.

ಹುಡುಗಿಯರಿಗೆ ಗೊತ್ತಿದ್ದದ್ದು ಕ್ರಿಕೆಟ್ ಒಂದೇ. ಬ್ಯಾಟನ್ನು ನೆಲಕ್ಕೆ ಕುಟ್ಟುತ್ತ ನಿಲ್ಲುತ್ತಿದ್ದರು. ಹೊಡೆದ ಮೇಲೆ ಅದನ್ನು ಕೈಯಲ್ಲೇ ಹಿಡಿದು ಓಡುತ್ತಿದ್ದರು. "ಬಿಸಾಕ್ರೇ ಅದನ್ನ!" ಎಂದು ಸರ್ ಕೂಗಿ ಕೂಗಿ ಗಂಟಲು ಕಟ್ಟುತ್ತಿತ್ತು. ಎಲ್ಲಕ್ಕಿಂತ ಕಷ್ಟವಾದದ್ದು ಕ್ಯಾಚರ್ ಹುಡುಕುವುದು. ಬ್ಯಾಟು ಬೀಸುವವಳ ಬೆನ್ನ ಹಿಂದೆಯೇ ಕೂತು, ಎದುರಿನಿಂದ ಪಿಚರ್ ಎಸೆಯುವ ಚೆಂಡನ್ನು ಹಿಡಿಯಬೇಕು. ಬ್ಯಾಟು ತಲೆಗೆ ಬಡಿದರೆ ಎಂಬ ಹೆದರಿಕೆ ಒಂದು ಕಡೆ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂರುವುದು ಯಾರಿಂದಲೂ ಆಗದು ಎಂಬುದು ಇನ್ನೊಂದು. ಐದು ನಿಮಿಷಕ್ಕೆ ಎಲ್ಲರೂ "ಕಾಲು ಜೋಮು ಹಿಡೀತು ಸರ್" ಎಂದು ಎದ್ದರು.

ಶ್ರೀಗೌರಿ ಕೂತಳು. ಅರ್ಧ ಗಂಟೆಯಾದರೂ ಏಳಲಿಲ್ಲ.

"ಎಂತ ತಂಗೀ, ಕಾಲು ನೋಯೂದಿಲ್ವಾ?" ಎಂದರು ಸರ್.

"ಇಲ್ಲ ಸರ್. ಅವ್ವಿ ಬುಟ್ಟಿ ಖಾಲಿ ಆಗೂವರೆಗೆ ಹೀಂಗೇ ಕೂರೂದು ನಾವು."

ಅಂದಿನಿಂದ ಅವಳೇ ಕ್ಯಾಚರ್. ಕ್ಯಾಚರಿಗೆ ಬೇಕಾದ ದಪ್ಪ ಗ್ಲೋವ್ ಇರಲಿಲ್ಲ. ತೆಳು ಗ್ಲೋವಿನಲ್ಲಿ ಹಿಡಿದು ಹಿಡಿದು ಎರಡನೇ ತಿಂಗಳು ಬೆರಳು ಮುರಿಯಿತು. ಅವ್ವಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿ, "ಈ ಚೆಂಡಾಟ ನಿಂಗೆ ಎಂತ ಕೊಡ್ತದೆ ಮಗಾ?" ಎಂದು ಕೇಳಿದಳು. ಇಡೀ ಮೈದಾನದಲ್ಲಿ ಎಂಟು ಜನರ ಮುಖ ಕಾಣುವುದು ತನ್ನೊಬ್ಬಳಿಗೇ, ಎಲ್ಲಿ ನಿಲ್ಲಬೇಕು, ಎಲ್ಲಿಗೆ ಎಸೆಯಬೇಕು ಎಂದು ಕೂಗಿ ಹೇಳುವುದು ತನ್ನ ಕೆಲಸ ಎಂಬುದು ಶ್ರೀಗೌರಿಗೆ ಹಿಡಿಸಿತ್ತು. ಮನೆಯಲ್ಲಿ, ತರಗತಿಯಲ್ಲಿ ಅವಳು ಕೂಗಿದವಳೇ ಅಲ್ಲ.

ಮೊದಲ ವರ್ಷ ಪಂದ್ಯಾವಳಿ ಪಂಜಾಬಿನಲ್ಲಿ. ಎರಡು ದಿನದ ರೈಲು. ಡಿಸೆಂಬರಿನ ಚಳಿಗೆ ಕರಾವಳಿಯ ಹುಡುಗಿಯರ ಹಲ್ಲು ಕಟಕಟ. ಹತ್ತೊಂಬತ್ತು ರನ್ನಿಗೆ ಸೊನ್ನೆಯಿಂದ ಸೋತರು. ಆಟ ಮುಗಿಯುವ ಮೊದಲೇ, ಅಂತರ ಮಿತಿ ಮೀರಿತೆಂದು ಪಂದ್ಯ ನಿಲ್ಲಿಸಿಬಿಟ್ಟರು. ಎರಡನೇ ವರ್ಷ ಎಂಟಕ್ಕೆ ಎರಡು. ಆ ಎರಡು ರನ್ನಿಗೆ ಸರ್ ಎಲ್ಲರಿಗೂ ರೈಲಿನಲ್ಲಿ ಚಾ ಕೊಡಿಸಿದರು. ಮೂರನೇ ವರ್ಷಕ್ಕೆ ಶ್ರೀಗೌರಿ ತಂಡದ ನಾಯಕಿ. ಆದರೆ ಎರಡು ವರ್ಷ ಚೆಂಡು ಎಸೆದಿದ್ದ ಹುಡುಗಿ ಡಿಗ್ರಿ ಮುಗಿಸಿ ಹೋಗಿಬಿಟ್ಟಿದ್ದಳು. ಪಿಚರ್ ಇಲ್ಲದ ತಂಡವೆಂದರೆ ಹುಟ್ಟು ಇಲ್ಲದ ದೋಣಿ.

ಆ ಸಮಯಕ್ಕೇ ಅವಳು ಹೊನ್ನಿಯನ್ನು ಕಂಡದ್ದು. ಕುಮಟಾ ಬದಿಯ ಹಾಲಕ್ಕಿ ಕೇರಿಯ ಹುಡುಗಿ. ಅಪ್ಪ ಶನಿಯಾರ ಗೌಡರ ಗದ್ದೆಯಲ್ಲಿ ಬೆಳೆದ ಹರಿವೆ, ಬದನೆ, ಗೆಣಸುಗಳನ್ನು ಹೊನ್ನಾವರದ ಸಂತೆಗೆ ತಂದು ಮಾರುತ್ತಿದ್ದಳು. ಹತ್ತನೇ ತರಗತಿಗೆ ಓದು ನಿಂತಿತ್ತು. ಆ ದಿನ ಹೊನ್ನಿ ಯಾರಿಗೋ ಚಿಲ್ಲರೆ ಕೊಡಲು ಆಚೆ ಹೋಗಿದ್ದಾಗ ಒಂದು ಗೂಳಿ ಅವಳ ಹರಿವೆ ಕಟ್ಟಿಗೆ ಬಾಯಿ ಹಾಕಿತು. ಹೊನ್ನಿ ಇದ್ದಲ್ಲಿಂದಲೇ ಕೈಗೆ ಸಿಕ್ಕ ಗೆಣಸು ಎತ್ತಿ ಎಸೆದಳು. ಇಪ್ಪತ್ತು ಮಾರು ದೂರ, ನಡುವೆ ಸಂತೆಯ ಜನ. ಗೆಣಸು ಅವರೆಲ್ಲರ ನಡುವಿಂದ ಹಾರಿ ಗೂಳಿಯ ಕೊಂಬಿಗೆ ಟಪ್ಪೆಂದು ಬಡಿಯಿತು. ಗೂಳಿ ತಲೆ ಕೊಡವಿ ಹೊರಟಿತು. ಶ್ರೀಗೌರಿ ಮೀನಿನ ಬುಟ್ಟಿ ಅಲ್ಲೇ ಬಿಟ್ಟು ಎದ್ದಳು.

"ಇನ್ನೊಂದ್ಸಲ ಹೊಡಿ ಕಾಂಬ," ಎಂದಳು.

"ಗೂಳಿ ಎಲ್ಲಿದೆ ಈಗ?" ಎಂದಳು ಹೊನ್ನಿ.

ಕಾಲೇಜಿಗೆ ಸೇರದವಳು ವಿಶ್ವವಿದ್ಯಾಲಯದ ತಂಡದಲ್ಲಿ ಆಡುವಂತಿಲ್ಲ. ಶ್ರೀಗೌರಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವಳ ಅತ್ತೆಯ ಮಗಳು ಪವಿತ್ರಾ ಮುರ್ಡೇಶ್ವರದ ಬದಿ ಒಂದು ಸಣ್ಣ ಕಾಲೇಜಿನಲ್ಲಿ ಓದುತ್ತಿದ್ದಳು. ತಂಡಕ್ಕೆ ಹೆಸರು ಕೊಟ್ಟು, ಅರ್ಜಿಗೆ ಪ್ರಾಂಶುಪಾಲರ ಸಹಿಯನ್ನೂ ಮಾಡಿಸಿದ್ದಳು. ಅಷ್ಟರಲ್ಲಿ ಮನೆಯವರು ಬೇಡವೆಂದರು. ಆ ಕಾಲೇಜಿನಿಂದ ಬರಬೇಕಿದ್ದವಳು ಅವಳೊಬ್ಬಳೇ. ಗುರುದತ್ತ ಸರ್ ಅವಳ ಮುಖ ನೋಡಿರಲಿಲ್ಲ. ಗುರುತಿನ ಚೀಟಿಯ ನೆರಳಚ್ಚಿನಲ್ಲಿ ಮುಖ ಬರೀ ಕಪ್ಪು ಮುದ್ದೆ. ಶ್ರೀಗೌರಿ ಆ ಚೀಟಿ ಕೇಳಿ ಇಸಿದುಕೊಂಡಳು. ಪವಿತ್ರಾ ಕೊಟ್ಟಳು.

"ಸುಳ್ಳು ಹೆಸ್ರಲ್ಲಿ ಹೋಗೂದಾ?" ಎಂದು ಹೊನ್ನಿ ಕೇಳಿದಳು.

"ಹೆಸ್ರು ಮಾತ್ರ ಸುಳ್ಳು. ಕೈ ನಿಂದೇ ಅಲ್ದಾ?"

ಹೊನ್ನಿಯವರ ಗದ್ದೆಯ ಅಂಚಿಗೇ ಕೊಂಕಣ ರೈಲು ಹಾಯುತ್ತಿತ್ತು. ಸಣ್ಣವಳಿದ್ದಾಗಿನಿಂದ ಅದಕ್ಕೆ ಕೈ ಬೀಸಿದ್ದೇ ಹೊರತು ಒಳಗೆ ಕೂತವಳಲ್ಲ. "ರೈಲಲ್ಲಿ ಕಿಟಕಿ ಬದಿ ಕೂರ್ಸ್ತೆ ಅಂದ್ರೆ ಬರ್ತೆ," ಎಂದಳು. ಮನೆಯಲ್ಲಿ ಶನಿಯಾರ ಗೌಡರಿಗೆ, ಕಾಲೇಜಿನವರೇ ಕರೆದುಕೊಂಡು ಹೋಗುತ್ತಾರೆ ಎಂದಷ್ಟೇ ಹೇಳಿದರು.

ಮೂರು ತಿಂಗಳು ಹೊನ್ನಿ ಮೈದಾನದಲ್ಲಿ ಪವಿತ್ರಾ ಆದಳು. ಸರ್ ಅವಳ ಎಸೆತ ಕಂಡು ಹಿಗ್ಗಿದರು. "ಈ ಪವಿತ್ರಾ ಇಷ್ಟು ದಿನ ಎಲ್ಲಿದ್ಲು?" ಎಂದು ಎಲ್ಲರೆದುರು ಹೊಗಳಿದರು. ನಿಜ ಹೇಳಿಬಿಡೋಣ ಎಂದು ಶ್ರೀಗೌರಿ ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋಗಿ ಹಿಂದೆ ಬಂದಳು.

ಆ ವರ್ಷ ಮೊದಲ ಪಂದ್ಯವನ್ನು ಅವರು ಗೆದ್ದರು. ಮೂರು ವರ್ಷದಲ್ಲಿ ಮೊದಲ ಗೆಲುವು. ಎರಡನೆಯದನ್ನು ಗೆದ್ದರೆ ಕ್ವಾರ್ಟರ್ ಫೈನಲ್. ಕೊನೆಯ ಸರದಿ, ಒಂದೇ ರನ್ನಿನ ಮೇಲುಗೈ, ಎದುರಾಳಿಗಳಲ್ಲಿ ಇನ್ನೊಬ್ಬಳನ್ನು ಔಟ್ ಮಾಡಿದರೆ ಮುಗಿಯಿತು. ಹೊನ್ನಿ ಎಸೆದಳು. ಬ್ಯಾಟು ಹಿಡಿದವಳು ಮೈಯ ಬಲವನ್ನೆಲ್ಲ ಹಾಕಿ ಬೀಸಿದಳು. ಚೆಂಡು ನೆಲಕ್ಕೂ ತಾಗದೆ ಮೇಲಕ್ಕೂ ಏಳದೆ ನೇರ ಹೊನ್ನಿಯ ಮುಖಕ್ಕೇ ಹೊರಟಿತು. ಎಸೆದ ರಭಸಕ್ಕೆ ಮುಂದೆ ಬಾಗಿದ್ದ ಹೊನ್ನಿ ತಲೆ ತಗ್ಗಿಸಿಯೇ ಮೈ ಎತ್ತುತ್ತಿದ್ದಳು. ಚೆಂಡು ಬರುವುದು ಅವಳಿಗೆ ಕಾಣುವಂತಿರಲಿಲ್ಲ.

"ಹೊನ್ನೀ, ಬಗ್ಗೂ!"

ಶ್ರೀಗೌರಿಯ ಕೂಗು ಇಡೀ ಮೈದಾನಕ್ಕೆ ಕೇಳಿತು. ಹೊನ್ನಿ ದೊಪ್ಪೆಂದು ನೆಲಕ್ಕೆ ಬಿದ್ದಳು. ಕೂದಲು ಸವರಿಕೊಂಡು ಹೋದ ಚೆಂಡನ್ನು ಹಿಂದೆ ನಿಂತ ಹುಡುಗಿ ಎದೆಗವಚಿ ಹಿಡಿದಳು. ಔಟ್. ಪಂದ್ಯ ಮುಗಿಯಿತು. ಪವಿತ್ರಾ ಎಂದು ಕೂಗಿದ್ದರೆ ಅವಳು ಬಗ್ಗುತ್ತಿರಲಿಲ್ಲ ಎಂಬುದು ಶ್ರೀಗೌರಿಗೆ ಇಂದಿಗೂ ಖಾತ್ರಿ. ಹೆದರಿಕೆಯ ಕ್ಷಣದಲ್ಲಿ ಮೈ ಓಗೊಡುವುದು ಹುಟ್ಟಿದಾಗಿನ ಹೆಸರಿಗೇ.

ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಎದುರಾಳಿಗಳಿಗೆ ಕನ್ನಡ ತಿಳಿಯದು. ಯಾರೂ ತಕರಾರು ಎತ್ತಲಿಲ್ಲ. ಗುರುದತ್ತ ಸರ್ ಮಾತ್ರ ಕುಣಿಯಲಿಲ್ಲ. ಹುಡುಗಿಯರು ಕೈ ತೊಳೆಯಲು ಹೋದಾಗ ಶ್ರೀಗೌರಿಯನ್ನು ಕರೆದು ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು.

"ಹೊನ್ನಿ ಯಾರು ತಂಗಿ?"

ಅವಳು ಎಲ್ಲವನ್ನೂ ಹೇಳಿದಳು. ಸರ್ ಬಗ್ಗಿ ಬೂಟಿನ ದಾರ ಬಿಚ್ಚಿ, ಮತ್ತೆ ಕಟ್ಟಿದರು.

"ನಂಗೆ ಮೊದ್ಲೇ ಹೇಳಿದ್ರೆ ಎಂತ ಆಗ್ತಿತ್ತು?"

"ನೀವು ಬೇಡ ಅಂತಿದ್ರಿ ಸರ್."

"ಹೌದು. ಬೇಡ ಅಂತಿದ್ದೆ. ಪಿಚರ್ ಇಲ್ದೇ ಮನೇಲಿ ಇರ್ತಿದ್ವು. ಅಷ್ಟೇ ಅಲ್ದಾ?" ಎಂದರು. ಬೈಯಲಿಲ್ಲ. ಎದ್ದು ನೇರವಾಗಿ ಸಂಘಟಕರ ಮೇಜಿಗೆ ಹೋಗಿ, ತಮ್ಮ ತಂಡದಲ್ಲಿ ಅರ್ಹಳಲ್ಲದ ಒಬ್ಬ ಆಟಗಾರ್ತಿ ಇದ್ದಾಳೆ, ತಂಡವನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಬರೆದು ಕೊಟ್ಟರು. ಗೆದ್ದ ಎರಡೂ ಪಂದ್ಯ ಲೆಕ್ಕಕ್ಕಿಲ್ಲವಾದವು.

ವಾಪಸು ಬರುವ ರೈಲಿನಲ್ಲಿ ಎರಡು ದಿನ ಯಾರೂ ಶ್ರೀಗೌರಿಯ ಜೊತೆ ಮಾತಾಡಲಿಲ್ಲ. ಭಟ್ಕಳದ ಹುಡುಗಿಯೊಬ್ಬಳು ಪ್ರಮಾಣಪತ್ರ ಕೈತಪ್ಪಿತೆಂದು ಬಿಕ್ಕಿ ಬಿಕ್ಕಿ ಅತ್ತಳು. ಹೊನ್ನಿ ಕಿಟಕಿಯ ಬದಿ ಕೂತಿದ್ದಳು, ಆದರೆ ಹೊರಗೆ ನೋಡುತ್ತಿರಲಿಲ್ಲ. ಗೋವಾ ದಾಟಿದ ಮೇಲೆ ಒಮ್ಮೆ ಬಾಯಿ ಬಿಟ್ಟಳು.

"ಆ ಕಾಗ್ದದಲ್ಲಿ ನನ್ ಹೆಸ್ರು ಎಲ್ಲಾದ್ರೂ ಬರ್ದಿದ್ದಾರಾ?"

"ಇಲ್ಲ," ಎಂದಳು ಶ್ರೀಗೌರಿ.

"ಹಂಗಾರೆ ನಾ ಬರ್ಲೇ ಇಲ್ಲ ಅಂದಂಗಾತು."

ಕುಮಟಾ ಸ್ಟೇಶನ್ನಿನಲ್ಲಿ ಅವಳು ಇಳಿದು ಹೋದಳು. ಹಿಂದೆ ತಿರುಗಿ ನೋಡಲಿಲ್ಲ.

ವಿಚಾರಣೆ ನಡೆಯಿತು. ದಾಖಲೆ ಪರೀಕ್ಷಿಸುವುದು ತನ್ನ ಕೆಲಸವಾಗಿತ್ತು, ತಪ್ಪು ತನ್ನದು ಎಂದು ಗುರುದತ್ತ ಸರ್ ಬರೆದರು. ಶ್ರೀಗೌರಿ ತನ್ನ ಹೇಳಿಕೆಯನ್ನು ಬರೆದು ಅವರ ಕೋಣೆಗೆ ಒಯ್ದಳು. ಅವರು ಅದನ್ನು ಓದಿ, ಮಡಚಿ, ಖಾನೆಯಲ್ಲಿಟ್ಟರು. "ಪರೀಕ್ಷೆ ಹತ್ರ ಬಂತು. ಹೋಗಿ ಓದು," ಎಂದರು. ಅವರನ್ನು ವಿಶ್ವವಿದ್ಯಾಲಯದ ಆಯ್ಕೆ ಸಮಿತಿಯಿಂದ ಕೈಬಿಟ್ಟರು. ಮಹಿಳಾ ಬೇಸ್‌ಬಾಲ್ ತಂಡ ಅಲ್ಲಿಗೇ ನಿಂತಿತು. ಸರ್ ನಿವೃತ್ತಿಯವರೆಗೆ ಕಬಡ್ಡಿ, ವಾಲಿಬಾಲ್ ಆಡಿಸಿಕೊಂಡಿದ್ದು ಕುಮಟಾದ ತಮ್ಮ ಮನೆ ಸೇರಿದರು.

ಶ್ರೀಗೌರಿ ಡಿಗ್ರಿ ಮುಗಿಸಿದಳು. ಪರೀಕ್ಷೆ ಬರೆದು ಕಂಡಕ್ಟರ್ ಆದಳು. ಮುರ್ಡೇಶ್ವರ ಸ್ಟೇಶನ್ನಿನಲ್ಲಿ ರಿಕ್ಷಾ ಓಡಿಸುವ ಗಣಪನನ್ನು ಮದುವೆಯಾಗಿ ಅಲ್ಲಿಯೇ ಮನೆ ಮಾಡಿದಳು. ಬಸ್ಸಿನಲ್ಲಿ ಅವಳಿಗೆ ಒಳ್ಳೆಯ ಹೆಸರು. ತುಂಬಿದ ಬಸ್ಸಿನಲ್ಲೂ ಹಿಂದಿನ ಬಾಗಿಲವರೆಗೆ ಮುಟ್ಟುವ ಗಂಟಲು. ಆದರೆ ವಾರಕ್ಕೆ ಎರಡು ಸಲವಾದರೂ ಕುಮಟಾ ಬಿಟ್ಟ ಮೇಲೆ ಸಿಗುವ ಒಂದು ನಿಲ್ದಾಣದಲ್ಲಿ ಬಸ್ಸು ನಿಂತಾಗ ಆ ಗಂಟಲು ಇಳಿದುಹೋಗುತ್ತಿತ್ತು. ಅಲ್ಲಿ ತರಕಾರಿ ಬುಟ್ಟಿ ಹಿಡಿದು ಹೊನ್ನಿ ಹತ್ತುತ್ತಿದ್ದಳು. "ಹೊನ್ನಾವರ ಒಂದು," ಎಂದು ಸರಿಯಾದ ಚಿಲ್ಲರೆ ಕೊಡುತ್ತಿದ್ದಳು. ಶ್ರೀಗೌರಿ ಚೀಟಿ ಕೊಡುತ್ತಿದ್ದಳು. ಏಳು ವರ್ಷ ಇಬ್ಬರ ನಡುವೆ ಇದ್ದದ್ದು ಇಷ್ಟೇ ಮಾತು.

ಎರಡು ಸಾವಿರದ ಇಪ್ಪತ್ತಮೂರರ ಮಳೆಗಾಲದ ಹೊತ್ತಿಗೆ ಹೆಂಗಸರಿಗೆ ಬಸ್ಸು ಉಚಿತವಾಯಿತು. ಚಿಲ್ಲರೆ ಬೇಡ, ಗುರುತಿನ ಚೀಟಿ ತೋರಿಸಿದರೆ ಸಾಕು. ಮೊದಲ ವಾರ ಹೊನ್ನಿ ಹತ್ತಿದಳು. ಶ್ರೀಗೌರಿ ಎಲ್ಲರನ್ನೂ ಕೇಳಿದ ಹಾಗೆ ಅವಳನ್ನೂ ಕೇಳಲೇಬೇಕಾಯಿತು.

"ಕಾರ್ಡು... ಕಾರ್ಡು ತೋರ್ಸ್‌ಬೇಕು."

ಹೊನ್ನಿ ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡು ತೆಗೆದು ಅವಳ ಮುಖದೆದುರು ಹಿಡಿದಳು. "ಸಮಾ ನೋಡ್ಕ. ಈ ಸಲ ನಂದೇ," ಎಂದಳು.

ಶ್ರೀಗೌರಿಗೆ ನಗು ಬಂತು. ಅದನ್ನು ತಡೆಯಲು ಹೋಗಿ ಕಣ್ಣಲ್ಲಿ ನೀರು ಬಂತು. ಹಿಂದಿನಿಂದ ಯಾರೋ "ಕಂಡಕ್ಟರ್ ಮೇಡಮ್, ಹಳದೀಪುರ!" ಎಂದು ಕೂಗುತ್ತಿದ್ದರು.

"ಹೊನ್ನಿ, ನಾ ನಿಂಗೆ ಮಾಡಿದ್ದು ತಪ್ಪು," ಎಂದಳು ಅವಳು ತಗ್ಗಿದ ದನಿಯಲ್ಲಿ.

"ತಪ್ಪೇ. ಆದ್ರೆ ನೀ ಕೂಗ್ದೇ ಇದ್ರೆ ನಂಗೆ ಹಲ್ಲು ಇರ್ತಿರ್ಲಿಲ್ಲ," ಎಂದಳು ಹೊನ್ನಿ. "ಹೋಗು, ಜನ ಕರೀತಿದ್ದಾರೆ."

ಎರಡು ತಿಂಗಳಾದ ಮೇಲೆ ದಿವ್ಯಶ್ರೀ ಎಂಬ ವಿದ್ಯಾರ್ಥಿನಿ ಭಟ್ಕಳದಲ್ಲಿ ಬಸ್ಸು ಹತ್ತಿದಳು. ಹೆಬಳೆಯವಳು, ಹೊನ್ನಾವರದಲ್ಲಿ ಓದು. ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಒಂದು ಬ್ಯಾಟು. ಅದರ ಉರುಟು ತುದಿ ಕಂಡದ್ದೇ ಶ್ರೀಗೌರಿ ಚೀಟಿ ಕೊಡುವುದನ್ನು ಮರೆತು ನಿಂತಳು. ವಿಶ್ವವಿದ್ಯಾಲಯ ಮತ್ತೆ ಮಹಿಳಾ ತಂಡ ಕಟ್ಟುತ್ತಿದೆ, ಕಾಲೇಜಿಗೆ ಹೊಸದಾಗಿ ಬಂದ ಅಮಿತಾ ಮೇಡಮ್ ಮುಂದಾಗಿದ್ದಾರೆ ಎಂದು ದಿವ್ಯಶ್ರೀ ಹೇಳಿದಳು. "ಮೇಡಮ್ಮಿಗೆ ನಿಯಮ ಎಲ್ಲ ಗೊತ್ತು ಅಕ್ಕ. ಆದ್ರೆ ಕ್ಯಾಚರ್ ಹ್ಯಾಂಗೆ ಕೂರೂದು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ."

ಆ ಭಾನುವಾರ ಶ್ರೀಗೌರಿ ಕುಮಟಾದಲ್ಲಿ ಗುರುದತ್ತ ಸರ್ ಮನೆಗೆ ಹೋದಳು. ಸರ್ ಕಿಟಕಿಯ ಬಳಿ ಪೇಪರ್ ಓದುತ್ತಿದ್ದರು. ಮಂಡಿ ನೋವು, ಕೈಯಲ್ಲಿ ಕೋಲು.

"ನಾ ಹೋಗಿ ಕಲಿಸ್ಬೋದಾ ಸರ್? ನಾನೇ ಹಾಳು ಮಾಡಿದ ತಂಡ."

"ನೀ ಹಾಳು ಮಾಡಿದ್ದು ಒಂದು ವರ್ಷ. ಅದಕ್ಕಿಂತ ಮೊದ್ಲು ಎರಡು ವರ್ಷ ಕಟ್ಟಿದ್ದೂ ನೀನೇ," ಎಂದರು ಸರ್. "ನನ್ ಅಪ್ಪಣೆ ಎಂತಕ್ಕೆ? ಕೇಳೂದಾದ್ರೆ ಆ ಹೊನ್ನಿ ಹತ್ರ ಕೇಳು. ಹಂಗೆ ಎಸೆಯೋಳು ಈ ಕರಾವಳಿಯಲ್ಲಿ ಇನ್ನೊಬ್ಳು ಹುಟ್ಲಿಲ್ಲ."

ಶ್ರೀಗೌರಿ ಹುಡುಕಿಕೊಂಡು ಹೋದಾಗ ಹೊನ್ನಿ ಗದ್ದೆಯಲ್ಲಿ ಈರುಳ್ಳಿ ಮಡಿ ಮಾಡುತ್ತಿದ್ದಳು. ಮಾತು ಕೇಳಿ, ಕೈಯ ಮಣ್ಣು ಉದುರಿಸಿಕೊಂಡು, "ಎಂತ ಹೆಸ್ರಲ್ಲಿ ಬರೂದು?" ಎಂದಷ್ಟೇ ಕೇಳಿದಳು.

ಶ್ರೀಗೌರಿ ಅಮಿತಾ ಮೇಡಮ್ಮಿಗೆ ಹಿಂದಿನದನ್ನೆಲ್ಲ ಮೊದಲೇ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಮೇಡಮ್ ಪ್ರಾಂಶುಪಾಲರ ಜೊತೆ ಮಾತಾಡಿ ಕಾಗದ ಮಾಡಿಸಿದರು. ತರಬೇತಿ ನೆರವು: ಶ್ರೀಗೌರಿ ಅಂಬಿಗ, ಹೊನ್ನಿ ಗೌಡ. ಹೊನ್ನಿ ಆ ಕಾಗದದ ಒಂದು ಪ್ರತಿ ಕೇಳಿ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಬುಟ್ಟಿಯ ಅಡಿಗೆ ಇಟ್ಟುಕೊಂಡಳು.

ಮುಂದಿನ ನಾಲ್ಕು ತಿಂಗಳು, ಶ್ರೀಗೌರಿಗೆ ವಾರದ ರಜೆ ಇದ್ದ ದಿನವೇ ತಂಡದ ಅಭ್ಯಾಸ. ಹೊನ್ನಿ ಮಾರಾಟ ಮುಗಿಸಿ ಖಾಲಿ ಬುಟ್ಟಿಯೊಂದಿಗೆ ಮೈದಾನಕ್ಕೆ ಬರುತ್ತಿದ್ದಳು. ಅವಳು ವಿವರಿಸುವವಳಲ್ಲ. ಬುಟ್ಟಿಯನ್ನು ದೂರದಲ್ಲಿ ಒರಗಿಸಿ ಇಟ್ಟು, "ಇದ್ರೊಳಗೆ ಹಾಕಿ," ಎಂದು ಹುಡುಗಿಯರಿಂದ ನೂರು ಸಲ ಎಸೆಸುತ್ತಿದ್ದಳು. ಎಸೆದ ಮೇಲೆ ತಲೆ ತಗ್ಗಿಸಿದವಳಿಗೆ ಮಾತ್ರ ಗದರುತ್ತಿದ್ದಳು: "ಮುಖ ಎತ್ತು! ನಿಂಗೆ ಯಾರೂ ಕೂಗಿ ಹೇಳೂದಿಲ್ಲ!"

ಜನವರಿಯಲ್ಲಿ ತಂಡ ಪಂದ್ಯಾವಳಿಗೆ ಹೋಯಿತು. ಶ್ರೀಗೌರಿಗೆ ರಜೆ ಸಿಗಲಿಲ್ಲ. ಹೊನ್ನಿ ಹೋದಳು. ಮೊದಲ ಪಂದ್ಯ ಗೆದ್ದು, ಎರಡನೆಯದರಲ್ಲಿ ಏಳಕ್ಕೆ ನಾಲ್ಕರಿಂದ ಸೋತರು. ಸೋತ ಸುದ್ದಿ ಬಂದಾಗ ಶ್ರೀಗೌರಿಯ ಬಸ್ಸು ಶರಾವತಿ ಸೇತುವೆಯ ಮೇಲಿತ್ತು. ಫೋನಿನಲ್ಲಿ ಹೊನ್ನಿಯ ದನಿ, ಹಿಂದೆ ಹುಡುಗಿಯರ ಗಲಾಟೆ. "ಸೋತ್ರೂ ಅಡ್ಡಿಲ್ಲ ಮಾರಾಯ್ತಿ. ಎಲ್ಲ ಅವರವರ ಹೆಸ್ರಲ್ಲೇ ಸೋತ್ರು," ಎಂದಳು ಹೊನ್ನಿ. ಶ್ರೀಗೌರಿ ನಕ್ಕಳು. ಡ್ರೈವರ್ ಕನ್ನಡಿಯಲ್ಲಿ ನೋಡಿ "ಎಂತ ಆತು?" ಎಂದ.

ಈಗ ತಂಡದಲ್ಲಿ ಹದಿನಾರು ಹುಡುಗಿಯರಿದ್ದಾರೆ. ಕಳೆದ ವರ್ಷ ಗುರುದತ್ತ ಸರ್ ಒಮ್ಮೆ ರಿಕ್ಷಾದಲ್ಲಿ ಬಂದು, ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಇಡೀ ಅಭ್ಯಾಸದಲ್ಲಿ ಏನೂ ಸರಿ ಇಲ್ಲ ಎಂದು ಹೇಳಿ ಹೋದರು. ಹೊನ್ನಿಗೆ ಭುಜದ ನೋವು ಶುರುವಾಗಿದೆ. ಎಸೆದು ತೋರಿಸುವುದನ್ನು ಕಡಿಮೆ ಮಾಡಿ, ಬಾಯಲ್ಲಿ ಹೇಳಲು ಕಲಿಯುತ್ತಿದ್ದಾಳೆ. ಕೊನೆಯ ವರ್ಷದಲ್ಲಿರುವ ದಿವ್ಯಶ್ರೀ ತನ್ನ ನಂತರದ ಕ್ಯಾಚರಾಗಿ ಒಬ್ಬ ಹೊಸ ಹುಡುಗಿಯನ್ನು ತಯಾರು ಮಾಡುತ್ತಿದ್ದಾಳೆ. ಹೋದ ವಾರ ಆ ಹುಡುಗಿ ಹತ್ತು ನಿಮಿಷಕ್ಕೇ ಕಾಲು ಹಿಡಿದುಕೊಂಡು ಎದ್ದಳು. ನನ್ನಿಂದ ಆಗದು, ಬೇರೆ ಜಾಗ ಕೊಡಿ ಎಂದು ಮುಖ ಸಣ್ಣ ಮಾಡಿದಳು.

"ಆಗೂದಿಲ್ಲ ಅಂದ್ರೆ ಬಿಡು, ಒತ್ತಾಯ ಇಲ್ಲ," ಎಂದಳು ಶ್ರೀಗೌರಿ. "ಆದ್ರೆ ಮನೇಲಿ ಸೊಪ್ಪು ಸೋಸುವಾಗ ಮಣೆ ಬಿಟ್ಟು ಕುಕ್ಕರಗಾಲಲ್ಲಿ ಕೂತ್ಕಂಡು ನೋಡು. ಎರಡು ವಾರ. ಆಮೇಲೆ ಬೇಡ ಅನ್ನು, ನಾ ಕೇಳ್ತೆ."

ಹುಡುಗಿ ತಲೆಯಾಡಿಸಿದಳು. ಆಚೆ ಹೊನ್ನಿ ಯಾರನ್ನೋ ಗದರುತ್ತಿದ್ದಳು. ಶ್ರೀಗೌರಿ ಮುಖದ ಜಾಲರಿ ತೊಟ್ಟು, ಹುಡುಗಿ ಬಿಟ್ಟೆದ್ದ ಜಾಗದಲ್ಲಿ ತಾನೇ ಕೂತು ಗ್ಲೋವ್ ಮುಂದೆ ಹಿಡಿದಳು.